ಸೌನಾದಲ್ಲಿ ಬಂಪರ್

ಲೆಂಪಿ ಒಯಾಲಾ ಕಾರು ಕಲಿಯಲು ಕೂತದ್ದು ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಸ್ಟಿಯರಿಂಗ್ ಮುಟ್ಟಿದ್ದು ಒಂದೇ ಸಲ, ಹದಿನೇಳು ತುಂಬಿದ ಬೇಸಿಗೆಯಲ್ಲಿ. ಹುಲ್ಲಿನ ಕೊಟ್ಟಿಗೆಯಿಂದ ಅಪ್ಪನ ಲಾರಿಯನ್ನು ಹೊರಗೆ ತೆಗೆಯುತ್ತೇನೆಂದು ಹತ್ತಿದ್ದಳು. ಹಿಂದಕ್ಕೆ ಹೋಗಬೇಕಾಗಿದ್ದ ಲಾರಿ ಮುಂದಕ್ಕೆ ಹೋಗಿ ಕೋಳಿಗೂಡಿನೊಳಗೆ ನಿಂತಿತು. ಕೋಳಿಗಳಿಗೆ ಏನೂ ಆಗಲಿಲ್ಲ. ಆದರೆ ಅಪ್ಪ, ನಾಲ್ವರು ಅಣ್ಣಂದಿರು, ಕೊಯ್ಲಿಗೆ ಬಂದಿದ್ದ ನೆರೆಯವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನಲವತ್ತೆರಡು ವರ್ಷ ಅವಳ ಕಿವಿಯಲ್ಲಿ ಉಳಿದುಕೊಂಡಿತು.

ಓಡಿಸದೆಯೇ ಬದುಕು ಸಾಗಿತ್ತು ಕೂಡ. ಮದುವೆಯಾದ ರೈನೊ ಕಾಡಿನಲ್ಲಿ ಮರ ಕಡಿಯುವವನು. ಎಲ್ಲಿಗೆ ಬೇಕಾದರೂ ಅವನೇ ಕರೆದೊಯ್ಯುತ್ತಿದ್ದ. ಲೆಂಪಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಇಪ್ಪತ್ತಾರು ವರ್ಷ ಅವಳು ಮಕ್ಕಳ ಹಳದಿ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಹೋಗಿಬಂದಳು. ಅದೇ ಬಸ್ಸಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಹತ್ತಿಸುವಾಗಲೂ ಅವಳು ಅದೇ ಸೀಟಿನಲ್ಲಿದ್ದಳು. ಸಂಜೆ ಹೊತ್ತು ಮಗ್ಗದ ಮುಂದೆ ಕೂತು ಹಳೆಯ ಅಂಗಿ, ಹಾಸಿಗೆ ಹೊದಿಕೆಗಳನ್ನು ಪಟ್ಟಿಪಟ್ಟಿ ಹರಿದು ಚಿಂದಿ ಜಮಖಾನ ನೇಯುತ್ತಿದ್ದಳು. ಅವಳ ಜಮಖಾನದ ಅಂಚು ಗೆರೆ ಎಳೆದಂತೆ ನೇರ. ಒಂದು ಎಳೆ ಸೊಟ್ಟಗಾದರೆ ಒಂದು ಮೊಳ ಬಿಚ್ಚಿ ಮತ್ತೆ ನೇಯುವವಳು.

ಎರಡು ವರ್ಷದ ಹಿಂದೆ ರೈನೊನ ಕಣ್ಣು ಮಸುಕಾಯಿತು. ಪೂರ್ತಿ ಹೋಗಲಿಲ್ಲ; ನೋಡಿದ ವಸ್ತುವಿನ ನಡುಭಾಗ ಮಾತ್ರ ಮಂಜಾಗಿ, ಅಂಚು ಕಾಣುತ್ತಿತ್ತು. ಹಾಗಾಗಿ ಅವನು ಎಲ್ಲರನ್ನೂ ಕೋಳಿಯ ಹಾಗೆ ಓರೆಯಾಗಿ ನೋಡತೊಡಗಿದ. ಲೈಸೆನ್ಸನ್ನು ತಾನೇ ಹೋಗಿ ಕೊಟ್ಟುಬಂದ. ಉಳಿದ ನೋಟ ಉಳಿಯಬೇಕಾದರೆ ನಾಲ್ಕು ವಾರಕ್ಕೊಮ್ಮೆ ಮಾರ್ಕೆಟ್ ಎಂಬ ಪಟ್ಟಣದ ಆಸ್ಪತ್ರೆಗೆ ಹೋಗಿ ಕಣ್ಣಿಗೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಅದು ನೂರು ಮೈಲಿ. ಅಷ್ಟು ದೂರ ಕರೆದುಕೊಂಡು ಹೋಗುತ್ತಿದ್ದವನು ಪಕ್ಕದ ಮನೆಯ ಕ್ಲೈಡ್ ಟ್ರೆಜೈಸ್. ಅವನ ಮುತ್ತಜ್ಜಂದಿರು ಕಡಲಾಚೆಯ ಕಾರ್ನ್‌ವಾಲಿನಿಂದ ಇಲ್ಲಿನ ತಾಮ್ರದ ಗಣಿಗೆ ಬಂದವರು. ಅವನು ಮೂವತ್ತು ವರ್ಷ ಜಿಲ್ಲೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾಗಿದ್ದ. ಆ ಕ್ಲೈಡ್ ಈ ಜನವರಿಯಲ್ಲಿ, ಮಂಡಿನೋವು ತಾಳಲಾರದೆ, ಎರಡು ತಿಂಗಳು ತಂಗಿಯ ಮನೆಗೆ ಅರಿಝೋನಾಕ್ಕೆ ಹೊರಟಿದ್ದ. ಹೊರಡುವುದು ಭಾನುವಾರ. ರೈನೊನ ಮುಂದಿನ ಚುಚ್ಚುಮದ್ದು ಅದರ ಮರುದಿನ ಬಿಟ್ಟು ಮಂಗಳವಾರ. ಲೆಂಪಿಯ ಡ್ರೈವಿಂಗ್ ಪರೀಕ್ಷೆ ಅವನು ಹೊರಡುವ ಎರಡು ದಿನ ಮೊದಲು, ಶುಕ್ರವಾರ. ಅದು ತಪ್ಪಿದರೆ ಇನ್ನೊಂದು ತಾರೀಖು ಸಿಗುವುದು ಆರು ವಾರಕ್ಕೆ.

ಕಲಿಸಿದವನೂ ಕ್ಲೈಡನೇ. ಹೀಗಿರುವಾಗ, ಪರೀಕ್ಷೆಗೆ ಮೂರು ದಿನ ಮೊದಲು, ಮಂಗಳವಾರ ಮಧ್ಯಾಹ್ನ, ಲೆಂಪಿ ತನ್ನದೇ ಮನೆಯ ಅಂಚೆಪೆಟ್ಟಿಗೆಯ ಬಳಿ ಕಾರು ತಿರುಗಿಸುತ್ತಿದ್ದಳು.

“ಬ್ರೇಕು ತಾಯಿ, ಬ್ರೇಕು. ಅದಲ್ಲ, ಪಕ್ಕದ್ದು!” ಎಂದ ಕ್ಲೈಡ್.

ಪಕ್ಕದ್ದನ್ನು ಒತ್ತುವಷ್ಟರಲ್ಲಿ ಕಾರಿನ ಬಲಮೂಲೆ ರಸ್ತೆಬದಿಯ ಹಿಮದ ದಿಬ್ಬಕ್ಕೆ ನುಗ್ಗಿತ್ತು. ಹೊಸ ಹಿಮವಾಗಿದ್ದರೆ ಹತ್ತಿಯ ಹಾಗೆ ಹಾರಿಹೋಗುತ್ತಿತ್ತು. ಇದು ಒಂದು ತಿಂಗಳಿಂದ ಲಾರಿಗಳು ತಳ್ಳಿ ತಳ್ಳಿ ಕಟ್ಟಿದ, ಕರಗಿ ಮತ್ತೆ ಹೆಪ್ಪುಗಟ್ಟಿದ ದಿಬ್ಬ. ಕಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಚಟಾರ್ ಎಂದಿತು.

ಇಬ್ಬರೂ ಮುಂದಿನ ಗಾಜಿನಾಚೆ ಇಣುಕಿದರು.

“ಈ ದಿಬ್ಬ ಕಟ್ಟಿದವರು ನಿಮ್ಮ ಇಲಾಖೆಯವರೇ ತಾನೆ?” ಎಂದಳು ಲೆಂಪಿ.

“ಹೌದು. ಆದರೆ ಅದನ್ನ ಗುದ್ದು ಅಂತ ಇಲಾಖೆ ಹೇಳಿರಲಿಲ್ಲ.”

ಮನೆಯ ಬಾಗಿಲು ತೆರೆದು ರೈನೊ ಕೋಟಿಲ್ಲದೆ ಹೊರಗೆ ಬಂದ. “ಏನದು ಸದ್ದು?”

“ಏನಿಲ್ಲ.”

“ಏನಿಲ್ಲ ಅನ್ನೋದು ಇಷ್ಟು ಜೋರಾಗಿ ಸದ್ದು ಮಾಡಲ್ಲ ಕಣೆ.”

ಅವನು ಹಿಮದಲ್ಲಿ ಮಂಡಿಯೂರಿ ಬಂಪರಿನ ಈ ತುದಿಯಿಂದ ಆ ತುದಿಗೆ ಅಂಗೈ ಎಳೆದ. ಕರಡಿಯ ಪಂಜದಂಥ ಕೈ, ಆದರೆ ಬೆರಳಿನ ತುದಿ ಬಲು ಸೂಕ್ಷ್ಮ. “ಒಂದೂವರೆ ಗೇಣು ಸೀಳು. ಇಲ್ಲಿ ಒಂದು ತಗ್ಗು, ಒಂದು ಬಟ್ಟಲಿನಷ್ಟು. ಹೆಡ್‌ಲೈಟಿನ ಕೆಳಗಿನ ಕೊಕ್ಕೆ ಮುರಿದಿದೆ, ಅದಕ್ಕೇ ಮೂಲೆ ನೇತಾಡ್ತಿದೆ. ಲೈಟು ಉರೀತಿದೆಯಾ?”

“ಉರೀತಿದೆ.”

“ಹಾಗಾದ್ರೆ ಕಾರಿಗೆ ತುಟಿ ಹರಿದಿದೆ ಅಷ್ಟೆ. ಕಣ್ಣಿಗೇನೂ ಆಗಿಲ್ಲ. ನನಗಿಂತ ವಾಸಿ.”

ಲೆಂಪಿ ಒಳಗೆ ಹೋಗಿ ಪರೀಕ್ಷೆಯ ಕಾಗದ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಕಾರನ್ನು ತಾವೇ ತರಬೇಕು; ದೀಪಗಳೆಲ್ಲ ಉರಿಯಬೇಕು; ಸಡಿಲವಾಗಿ ನೇತಾಡುವ ಯಾವ ಭಾಗವೂ ಇರಕೂಡದು. ಮೂರನೆಯ ಸಾಲನ್ನು ಎರಡು ಸಲ ಓದಿದಳು. ಕ್ಲೈಡ್‌ನ ಟ್ರಕ್ ಒಯ್ಯೋಣವೆಂದರೆ ಅದು ಕೈಗೇರಿನದು, ಮುಂದೆ ಹಿಮ ತಳ್ಳುವ ಹಲಗೆ ಬೇರೆ; ಲೆಂಪಿಯ ಕಾಲು ಅದರ ಕ್ಲಚ್ಚಿಗೆ ಎಟಕುವುದಿಲ್ಲ. ಪೇಟೆಯ ಗ್ಯಾರೇಜಿಗೆ ಫೋನು ಮಾಡಿದರೆ, ಈ ವಾರ ಜಿಂಕೆ ಗುದ್ದಿದ ಕಾರುಗಳೇ ಏಳು ನಿಂತಿವೆ, ಮೂರು ವಾರವಾಗುತ್ತದೆ ಎಂದರು.

“ಹೋಗಲಿ ಬಿಡು. ಪರೀಕ್ಷೆ ಬೇಡ” ಎಂದಳು ಲೆಂಪಿ. ಹಾಗೆಂದ ಕೂಡಲೇ ಅವಳ ಎದೆ ಹಗುರಾಯಿತು. ಅಷ್ಟು ಹಗುರಾದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ತಲೆ ಓರೆ ಮಾಡಿ ತನ್ನನ್ನು ನೋಡುತ್ತಿದ್ದ ಗಂಡನ ಕಡೆ ಅವಳು ನೋಡಲಿಲ್ಲ.

“ನಾವೇ ಮಾಡೋಣ. ನಂಗೆ ಗೊತ್ತು, ನಿಂಗೆ ಕಾಣುತ್ತೆ. ಇಬ್ಬರೂ ಸೇರಿದ್ರೆ ಒಬ್ಬ ಮೆಕ್ಯಾನಿಕ್” ಎಂದ ರೈನೊ.

“ಎರಡೂ ತಲೆ ಸೇರಿಸಿದ್ರೂ ಅರ್ಧ ಆಗುತ್ತೆ. ನಾನು ಒಬ್ಬ ಸೇರ್ಕೋತೀನಿ, ಮುಕ್ಕಾಲು ಆಗಲಿ” ಎಂದ ಕ್ಲೈಡ್. ಅವನ ಮುಂದೆ ಆಗಲೇ ಕಾಫಿ ಇತ್ತು.

ಬುಧವಾರ ಬೆಳಿಗ್ಗೆ ಅವರು ಬಂಪರ್ ಬಿಚ್ಚಿದರು. ಬಿಚ್ಚಿದವಳು ಲೆಂಪಿ. ರೈನೊ ಪಕ್ಕದಲ್ಲಿ ತಿರುಗುಮುರುಗಾಗಿಟ್ಟ ಬಕೆಟ್ಟಿನ ಮೇಲೆ ಕೂತು, ಮೊದಲು ಚಕ್ರದ ಒಳಗಿನ ತಿರುಪು, ಆಮೇಲೆ ಕೆಳಗಿನವು, ಮೇಲಿನವು ಕೊನೆಗೆ ಎಂದು ಹೇಳುತ್ತಿದ್ದ. ಒಂದೊಂದು ತಿರುಪು ಬಂದ ಹಾಗೂ ಅವಳು ಅದನ್ನು ಮಫಿನ್ ಬೇಯಿಸುವ ತಟ್ಟೆಯ ಒಂದೊಂದು ಕುಳಿಯಲ್ಲಿ ಹಾಕಿ, ಎಲ್ಲಿಯದೆಂದು ಚೀಟಿ ಬರೆದಿಟ್ಟಳು. ಹನ್ನೊಂದು ತಿರುಪು, ಒಂಬತ್ತು ಪ್ಲಾಸ್ಟಿಕ್ ಗುಂಡಿ. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಗುಂಡಿಗಳು ಬಿಸ್ಕತ್ತಿನಂತಾಗಿದ್ದವು. ಮೂರು ಮುರಿದವು. ಮುರಿದವಕ್ಕೂ ಅವಳು ಚೀಟಿ ಬರೆದಳು.

“ಮುರಿದದ್ದಕ್ಕೆ ಚೀಟಿ ಯಾಕೆ?” ಎಂದ ಕ್ಲೈಡ್.

“ಎಲ್ಲಿ ಖಾಲಿ ಇದೆ ಅಂತ ಗೊತ್ತಾಗಬೇಕಲ್ಲ.”

ಗ್ಯಾರೇಜಿನಲ್ಲಿ ಒಲೆ ಇಲ್ಲ. ಈ ಚಳಿಯಲ್ಲಿ ಪ್ಲಾಸ್ಟಿಕ್ಕನ್ನು ಬಗ್ಗಿಸಲು ಹೋದರೆ ಇನ್ನೊಂದು ಕಡೆ ಸೀಳುತ್ತದೆ. ತಗ್ಗು ಏಳಬೇಕಾದರೆ ಅದು ಮೊದಲು ಮೆತ್ತಗಾಗಬೇಕು. ಹೊಲದಂಚಿನಲ್ಲಿ ಅಷ್ಟು ಬಿಸಿ ಮಾಡಬಲ್ಲ ಜಾಗ ಒಂದೇ. ಅದನ್ನು ಬಾಯಿಬಿಟ್ಟು ಹೇಳಲು ರೈನೊ ಸ್ವಲ್ಪ ಹಿಂದೆಮುಂದೆ ನೋಡಿದ.

“ಸೌನಾ” ಎಂದ ಕೊನೆಗೆ.

“ನಿಮ್ಮಮ್ಮ ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ಲು” ಎಂದಳು ಲೆಂಪಿ.

ಫಿನ್ನರ ಮನೆತನದ ಅತ್ತೆಯ ಕಾಲದಲ್ಲಿ ಹಬೆಸ್ನಾನದ ಆ ಮರದ ಬಿಸಿಮನೆಯೊಳಗೆ ಗಟ್ಟಿಯಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ಬೈಗುಳ ಆಡಿದ ಮಕ್ಕಳನ್ನು ಬರಿಮೈಯಲ್ಲೇ ಹಿಮಕ್ಕೆ ಅಟ್ಟುತ್ತಿದ್ದರು. ರೈನೊನ ಅಪ್ಪ ಹುಟ್ಟಿದ್ದು ಅಲ್ಲಿಯೇ, ಕೆಳಗಿನ ಬೆಂಚಿನ ಮೇಲೆ. ತಾತ ಸತ್ತಾಗ ಮೈತೊಳೆದದ್ದೂ ಅಲ್ಲಿಯೇ. ಈಗಲೂ ಪ್ರತಿ ಶನಿವಾರ ಸಂಜೆ ಒಲೆ ಹೊತ್ತುತ್ತದೆ; ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಮೈ ಬೆವರಿಸುತ್ತಾರೆ.

“ಅಪ್ಪ ಹುಟ್ಟಿದ ಕಡೆ ಬಂಪರೂ ಇನ್ನೊಂದು ಸಲ ಹುಟ್ಟಲಿ, ಏನಾಯ್ತೀಗ?” ಎಂದ ರೈನೊ.

“ಬಂಪರಿಗೆ ಬೈಯೋ ಹಾಗಿಲ್ಲ ಅಲ್ಲಿ. ನೆನಪಿರಲಿ.”

ಬಂಪರಿಗೆ ಉದ್ದ ಆರು ಅಡಿ, ಎರಡೂ ತುದಿ ಕೊಂಬಿನಂತೆ ಬಾಗಿವೆ. ಸೌನಾಕ್ಕೆ ಬಟ್ಟೆ ಕಳಚುವ ಕೋಣೆಯ ಮೂಲಕ ಹೋಗಬೇಕು, ಅಲ್ಲಿ ಎರಡು ಸಣ್ಣ ಬಾಗಿಲು. ಕ್ಲೈಡ್ ಒಂದು ತುದಿ, ಲೆಂಪಿ ಒಂದು ತುದಿ. ಮೊದಲು ನೇರವಾಗಿ, ಆಮೇಲೆ ಅಡ್ಡವಾಗಿ, ಆಮೇಲೆ ನಿಲ್ಲಿಸಿ ತಳ್ಳಿ ನೋಡಿದರು. ಒಂದು ಹಂತದಲ್ಲಿ ಕ್ಲೈಡ್ ಒಳಗೆ, ಬಂಪರ್ ಬಾಗಿಲಿಗೆ ಅಡ್ಡ, ಹೊರಕ್ಕೆ ಬರುವ ದಾರಿಯೇ ಇಲ್ಲ.

“ಫಿನ್ನರಿಗೆ ಬಾಗಿಲು ದೊಡ್ಡದಾಗಿ ಮಾಡಿದ್ರೆ ಮರ ಖರ್ಚಾಗುತ್ತೆ ಅಂತ ಭಯ!” ಎಂದು ಒಳಗಿನಿಂದ ಕೂಗಿದ.

“ಬಿಸಿ ಹೊರಗೆ ಹೋಗಬಾರದು ಅಂತ ಸಣ್ಣ ಬಾಗಿಲು. ನಿಮ್ಮಂಥ ಬಾಯಿಬಡುಕರು ಒಳಗೆ ಬರಬಾರದು ಅಂತಲೂ ಹೌದು” ಎಂದ ರೈನೊ.

ಒಂದು ಗಂಟೆಯಲ್ಲಿ ಬಂಪರ್ ಮೇಲಿನ ಬೆಂಚಿನಲ್ಲಿ, ದೊಡ್ಡ ನೆಂಟರ ಹಾಗೆ, ಟವೆಲ್ಲಿನ ಮೇಲೆ ಮಲಗಿತ್ತು. ಒಲೆಯಲ್ಲಿ ಮೇಪಲ್ ಸೌದೆ ಉರಿಯುತ್ತಿತ್ತು. ಎಂಬತ್ತು ಡಿಗ್ರಿಯಾದಾಗ ಲೆಂಪಿ ದಪ್ಪ ಕೈಗವಸು ಹಾಕಿಕೊಂಡು, ಲಟ್ಟಣಿಗೆ ಹಿಡಿದು, ತಗ್ಗಿನ ಹಿಂಬದಿಯಿಂದ ಮೆಲ್ಲಗೆ ಒತ್ತಿದಳು. ಬಂಪರಿನ ಹೊರಬದಿಗೆ ರೈನೊ ಒದ್ದೆ ಬಟ್ಟೆ ಸುತ್ತಿದ ಅಂಗೈ ಕೊಟ್ಟು ಕೂತಿದ್ದ.

“ಇನ್ನೊಂಚೂರು. ಅಲ್ಲಲ್ಲ, ಎಡಕ್ಕೆ. ಹಾಂ... ಬಂತು ಬಂತು.”

ತಗ್ಗು ‘ಪುಕ್’ ಎಂದು ಎದ್ದಿತು. ಆ ಸದ್ದಿಗೆ ಲೆಂಪಿ ಚಿಕ್ಕ ಹುಡುಗಿಯಂತೆ ನಕ್ಕಳು.

ಹೊಲಿಗೆ ಅವಳ ವಿದ್ಯೆಯೇ. ಬಂಪರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಪ್ಲಾಸ್ಟಿಕ್ಕಿನ ಜಾತಿಯನ್ನು ಕನ್ನಡಕ ಹಾಕಿಕೊಂಡು ಓದಿದಳು. ಅದೇ ಜಾತಿಯದು ಬೇಕು, ಇಲ್ಲದಿದ್ದರೆ ಅಂಟುವುದಿಲ್ಲ ಎಂದ ರೈನೊ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೋರಲು ಹಾಕಿ ತಳ ಓದುತ್ತ ಹೋದವಳಿಗೆ ಮೊಸರಿನ ಡಬ್ಬಿಯ ತಳದಲ್ಲಿ ಆ ಅಕ್ಷರ ಸಿಕ್ಕಿತು. ಕತ್ತರಿಯಿಂದ ಅದನ್ನು ನೂಲಿನಂತೆ ಪಟ್ಟಿ ಮಾಡಿದಳು. ಸೀಳಿನ ಎರಡೂ ಕಡೆ ಒಂದೊಂದು ಬೆರಳಿನ ಅಂತರದಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಹಿಂದೆ ಗಂಟು ಹಾಕಿದಳು. ಆಮೇಲೆ ಕಾದ ಸಾಲ್ಡರ್ ಕಡ್ಡಿಯಿಂದ ತಂತಿಯನ್ನು ಒಳಕ್ಕೆ ಅದುಮಿ, ಮೊಸರಿನ ಡಬ್ಬಿಯ ಪಟ್ಟಿಯನ್ನು ಮೇಲೆ ಕರಗಿಸಿ ತುಂಬಿದಳು. ಮುರಿದ ಕೊಕ್ಕೆಯನ್ನೂ ಹಾಗೆಯೇ ಕೂರಿಸಿದಳು. ಕಿಟಕಿ ತೆರೆದಿದ್ದರೂ ಕೋಣೆ ತುಂಬ ಸುಟ್ಟ ವಾಸನೆ.

ರೈನೊ ಎರಡೂ ತುದಿ ಹಿಡಿದು ಹಿಂಡಿ ನೋಡಿದ. “ಇನ್ನೊಂದು ಸಲ ಗುದ್ದಿದ್ರೆ ಬೇರೆ ಕಡೆ ಒಡೆಯುತ್ತೆ, ಇಲ್ಲಿ ಒಡೆಯಲ್ಲ” ಎಂದ.

“ಸಂಜೆಗೆ ಮುಂಚೆ ಒಂದು ಸುತ್ತು ಹೋಗಿ ಬರೋಣ್ವಾ? ಅಂಗಳದಲ್ಲೇ ಸಾಕು. ಬಂಪರ್ ಇಲ್ದೆನೂ ಓಡುತ್ತೆ” ಎಂದು ಕೇಳಿದ ಕ್ಲೈಡ್, ಕೀ ಆಡಿಸುತ್ತ.

“ಇದನ್ನ ಮೊದಲು ಉಜ್ಜಿ ಮುಗಿಸ್ತೀನಿ” ಎಂದಳು ಲೆಂಪಿ.

ಅವಳು ಉಜ್ಜಿದಳು. ಪುಟ್ಟಿ ಹಚ್ಚಿ, ಒಣಗಿಸಿ, ಒರಟು ಉಪ್ಪುಕಾಗದ, ಆಮೇಲೆ ನಯವಾದದ್ದು, ಆಮೇಲೆ ನೀರಿನಲ್ಲಿ ಅದ್ದಿ ಇನ್ನೂ ನಯವಾದದ್ದು. ರೈನೊ ಬೆರಳಾಡಿಸಿ ಸಾಕೆಂದ. ಅವಳು ಸಾಕೆನ್ನಲಿಲ್ಲ. ಗುರುವಾರ ಬೆಳಿಗ್ಗೆ ಕ್ಲೈಡ್ ಕಾರಿನ ಬಾಗಿಲಿನ ಚೀಟಿಯಲ್ಲಿದ್ದ ಬಣ್ಣದ ಸಂಖ್ಯೆ ಬರೆದುಕೊಂಡು ಪೇಟೆಗೆ ಹೋಗಿ, ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ಡಬ್ಬಿ ಕಡುಹಸಿರು ಸ್ಪ್ರೇ ತಂದ. ಬರುವಾಗ ನಾಲ್ಕು ಪ್ಯಾಸ್ಟಿಯನ್ನೂ ತಂದಿದ್ದ. ಮಾಂಸ, ಆಲೂಗಡ್ಡೆ ತುಂಬಿದ ಆ ಕಾರ್ನ್‌ವಾಲ್ ಕಡುಬಿಗೆ ರೈನೊ ಕೆಚಪ್ ಸುರಿದುಕೊಂಡಾಗ ಕ್ಲೈಡ್ ಎಂದಿನಂತೆ ಮುಖ ತಿರುಗಿಸಿದ.

“ನಮ್ಮ ಮುತ್ತಜ್ಜಿ ಇದನ್ನ ನೋಡಿದ್ರೆ ಮತ್ತೆ ಹಡಗು ಹತ್ತಿ ವಾಪಸ್ ಹೋಗ್ತಿದ್ಲು.”

“ಹೋಗ್ಲಿ ಬಿಡು. ಕೆಚಪ್ ಉಳಿಯುತ್ತೆ.”

ಊಟವಾದ ಮೇಲೆ ಕ್ಲೈಡ್ ಮತ್ತೆ ಕೀ ತೆಗೆದ. ಲೆಂಪಿ ಬಣ್ಣದ ಡಬ್ಬಿ ತೆಗೆದಳು.

ಬಣ್ಣದ ವಿಷಯದಲ್ಲಿ ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಬೆಳಿಗ್ಗೆಯೇ ಒಲೆ ಹೊತ್ತಿಸಿ, ಬಂಪರನ್ನು ಬೆಚ್ಚಗೆ ಮಾಡಿ, ಬೆಂಕಿಯನ್ನು ಪೂರ್ತಿ ಆರಿಸಿ, ಬೂದಿಯನ್ನು ತಗಡಿನ ಬಕೆಟ್ಟಿನಲ್ಲಿ ಹಿಮದ ಮೇಲೆ ಸುರಿದು ಬಂದಳು. ಬಟ್ಟೆ ಕಳಚುವ ಕೋಣೆಗೆ ಹಳೆಯ ಹೊದಿಕೆ ಹಾಸಿ, ಹೊರಬಾಗಿಲು ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಡಬ್ಬಿಯನ್ನು ಎರಡು ನಿಮಿಷ ಗಡಿಯಾರ ನೋಡಿ ಕುಲುಕಿದಳು. ತೆಳ್ಳಗೆ ಒಂದು ಪದರ. ಹತ್ತು ನಿಮಿಷ. ಇನ್ನೊಂದು ಪದರ. ಹತ್ತು ನಿಮಿಷ. ಮೂರನೆಯದಕ್ಕೆ ಡಬ್ಬಿ ಖಾಲಿ. ಬಂಪರ್ ಒದ್ದೆ ಸ್ಪ್ರೂಸ್ ಮರದ ಎಲೆಯಂತೆ ಹೊಳೆಯುತ್ತಿತ್ತು. ಎಲ್ಲಿ ಸೀಳಿತ್ತೆಂದು ಅವಳಿಗೇ ತಿಳಿಯಲಿಲ್ಲ. ಅದನ್ನು ಸೌನಾದೊಳಗೆ, ಎರಡು ಹಗ್ಗದ ಕುಣಿಕೆಯಲ್ಲಿ, ಒಣಗಲು ತೂಗುಹಾಕಿದಳು. ಬೆಂಕಿ ಇಲ್ಲದಿದ್ದರೂ ಒಲೆಯ ಮೇಲಿನ ಕಲ್ಲುಗಳು ಸಂಜೆವರೆಗೆ ಬಿಸಿ ಹಿಡಿದಿರುತ್ತವೆ. ಇದಕ್ಕಿಂತ ಒಳ್ಳೆಯ ಒಣಗುವ ಕೋಣೆ ಪೇಟೆಯ ಗ್ಯಾರೇಜಿನಲ್ಲೂ ಇರಲಾರದು.

ಇಪ್ಪತ್ತು ನಿಮಿಷ ಬಿಟ್ಟು ನೋಡಲು ಹೋದಳು. ಬಾಗಿಲು ತೆಗೆದಳು, ಬಿಸಿ ಮುಖಕ್ಕೆ ಬಡಿಯಿತು, ಬಾಗಿಲು ಹಾಕಿದಳು. ಬೆಂಚಿನ ಮೇಲೆ ಕೂತಳು. ಮೂರು ದಿನದ ದಣಿವು, ಬೆಚ್ಚಗೆ, ಕಣ್ಣು ಮುಚ್ಚಿತು. ಎಡಗೈ ತಾನಾಗಿ ಕೆಳಗಿಳಿದು ನೀರಿನ ಬಕೆಟ್ಟಿನಲ್ಲಿದ್ದ ಮರದ ಸೌಟು ಹಿಡಿಯಿತು, ತುಂಬಿತು, ಕಲ್ಲಿನ ಮೇಲೆ ಎರಚಿತು.

‘ಚುಸ್ಸ್’ ಎಂದು ಹಬೆ ಎದ್ದು ಕೋಣೆ ಬೆಳ್ಳಗಾಯಿತು.

ಹಬೆ ಮೈಗೆ ಹಿತವಾಗಿ ತಾಗಿದ ಮೇಲೆಯೇ ಅವಳಿಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು. ಹುಟ್ಟಿದಾಗಿನಿಂದ ಪ್ರತಿ ಶನಿವಾರ ಕೈ ಕಲಿತ ಪಾಠ. ಕೈಗೆ ಏನು ಗೊತ್ತು, ಇವತ್ತು ಗುರುವಾರವೆಂದು!

ಅತ್ತೆ ಎಂದೂ ಕೇಳಿರದಂಥ ಒಂದು ಬೈಗುಳ ಆ ಸೌನಾದೊಳಗೆ ಕೇಳಿಸಿತು. ರೈನೊ, ಕ್ಲೈಡ್ ಇಬ್ಬರೂ ಓಡಿಬಂದರು. ಹೊರಗಿನ ಬೆಳಕಿಗೆ ತಂದು ನೋಡಿದರೆ, ಹಸಿರು ಬಣ್ಣದ ಮೇಲೆಲ್ಲ ಹಾಲು ಚೆಲ್ಲಿದಂತೆ ಬಿಳಿ ಮಚ್ಚೆ, ನಡುನಡುವೆ ಹನಿ ಬಿದ್ದ ಕುಳಿ.

“ಹಬೆ ಎಬ್ಬಿಸಿದ್ಯಾ? ಬಂಪರಿಗೆ?” ಎಂದ ಕ್ಲೈಡ್, ತುಟಿ ಕಚ್ಚಿಕೊಂಡು.

“ಕೈ ತಾನೇ ಹೋಯ್ತು!”

“ಬರ್ಚ್ ಸೊಪ್ಪಿನಲ್ಲಿ ಬೆನ್ನಿಗೂ ಎರಡು ಬಡೀಬೇಕಿತ್ತು ಅದಕ್ಕೆ. ಸೌನಾದ ಪೂರ್ತಿ ಮರ್ಯಾದೆ ಆಗ್ತಿತ್ತು” ಎಂದು ಕ್ಲೈಡ್ ನಗಲಾರಂಭಿಸಿದ. ಲೆಂಪಿ ನಗಲಿಲ್ಲ. ಅವಳ ಮುಖ ನೋಡಿ ಅವನೂ ನಿಲ್ಲಿಸಿದ.

ರೈನೊ ಬೆರಳಾಡಿಸಿದ. “ನಂಗೇನೋ ಚೆನ್ನಾಗೇ ಇದೆ.”

“ನಿಂಗೆ ಕಾಣಲ್ಲ!”

“ಕಾಣಲ್ಲ. ಅದಕ್ಕೇ ಹೇಳ್ತಿದೀನಿ.”

“ಉಜ್ಜಿ ತೆಗೀತೀನಿ. ಕ್ಲೈಡ್, ಇನ್ನೊಂದು ಡಬ್ಬಿ ಬೇಕು. ಪಕ್ಕದ ಪೇಟೆ ಕ್ಯಾಲ್ಯುಮೆಟ್‌ನಲ್ಲಿ ಸಿಗಬಹುದು. ಇವತ್ತು ಉಜ್ಜಿದ್ರೆ ಬೆಳಿಗ್ಗೆ ಎದ್ದು ಹಚ್ಚಬಹುದು. ಹತ್ತು ಗಂಟೆಗೆ ಪರೀಕ್ಷೆ, ಆರಕ್ಕೆ ಹಚ್ಚಿದ್ರೆ...” ಎಂದು ಅವಳು ಆಗಲೇ ಉಪ್ಪುಕಾಗದ ಹುಡುಕುತ್ತಿದ್ದಳು.

“ಲೆಂಪಿ” ಎಂದ ರೈನೊ. “ಆ ಕಾಗದದಲ್ಲಿ ಬಣ್ಣದ ಮಾತು ಇದೆಯಾ?”

“ಇಲ್ಲ.”

“ನೇತಾಡಬಾರದು ಅಂತ ಇದೆ. ಅದು ನೇತಾಡ್ತಿದೆಯಾ?”

“ಇಲ್ಲ.”

“ನಿನ್ನೆ ಮಧ್ಯಾಹ್ನಕ್ಕೇ ಅದು ರಿಪೇರಿ ಆಗಿತ್ತು ಕಣೆ. ಆಮೇಲೆ ನೀನು ಮಾಡಿದ್ದು ರಿಪೇರಿ ಅಲ್ಲ. ಕ್ಲೈಡ್ ಎರಡು ಸಲ ಕೀ ತೆಗೆದ. ಎರಡು ಸಲವೂ ನೀನು ಬಂಪರ್ ಹಿಡ್ಕೊಂಡೆ. ಮಂಗಳವಾರದಿಂದ ನೀನು ಆ ಸೀಟಿನಲ್ಲಿ ಕೂತಿಲ್ಲ.”

ಕ್ಲೈಡ್ ತನ್ನ ಬೂಟಿನ ಮೇಲಿನ ಹಿಮವನ್ನು ಗಮನವಿಟ್ಟು ನೋಡತೊಡಗಿದ. ಲೆಂಪಿಗೆ ಮೊದಲು ಸಿಟ್ಟು ಬಂತು. ಕಣ್ಣು ಕಾಣದವನು ಇದನ್ನು ಹೇಗೆ ಕಂಡ ಎಂದು. ಆಮೇಲೆ, ಮೇಜಿನ ಮುಂದೆ ಎದೆ ಹಗುರಾಗಿದ್ದು ನೆನಪಾಗಿ, ಸಿಟ್ಟು ಇಳಿಯಿತು.

“ಮತ್ತೆ ಗುದ್ದಿದ್ರೆ?” ಎಂದಳು ಮೆಲ್ಲಗೆ.

“ಗುದ್ದು. ಹೊಲಿಯೋಕೆ ಬರುತ್ತಲ್ಲ ಈಗ” ಎಂದ ರೈನೊ.

“ಜನ ನಗ್ತಾರೆ.”

“ನಾನು ಆಗಲೇ ನಕ್ಕಾಯ್ತು” ಎಂದ ಕ್ಲೈಡ್. “ನನಗಿಂತ ಕೆಟ್ಟದಾಗಿ ನಗೋರು ಈ ಜಿಲ್ಲೇಲಿ ಇಲ್ಲ. ಇನ್ನೇನು ಉಳೀತು?”

ಮೂರು ಗಂಟೆಗೆ ಬಂಪರ್ ಕಾರಿನ ಮೇಲೆ ಕೂತಿತ್ತು. ಚೀಟಿ ನೋಡಿ ನೋಡಿ ಹನ್ನೊಂದು ತಿರುಪು, ಆರು ಗುಂಡಿ, ಖಾಲಿಯಾದ ಮೂರು ಕಡೆ ತಂತಿಯ ಕಟ್ಟು. ಮೂರೂವರೆಗೆ ಲೆಂಪಿ ಸೀಟಿನಲ್ಲಿದ್ದಳು. ಬೆಳಕು ಇಳಿಯುವವರೆಗೆ ಅದೇ ಅಂಚೆಪೆಟ್ಟಿಗೆಯ ಬಳಿ, ಅದೇ ದಿಬ್ಬದ ಪಕ್ಕ, ಇಪ್ಪತ್ತೆರಡು ಸಲ ತಿರುಗಿಸಿದಳು, ಹಿಂದಕ್ಕೆ ಬಂದಳು, ಸೌದೆಯ ಕೊರಡು ನಿಲ್ಲಿಸಿ ಮಾಡಿದ ಗುರುತಿನ ನಡುವೆ ನಿಲ್ಲಿಸಿದಳು. ನಾಲ್ಕು ಸಲ ಕೊರಡು ಬಿತ್ತು. ರೈನೊ ಅಲ್ಲೇ ನಿಂತು, ಬಿದ್ದ ಕೊರಡನ್ನು ತಡಕಾಡಿ ಎತ್ತಿ ನಿಲ್ಲಿಸುತ್ತಿದ್ದ. ಐದನೆಯ ಸಲ ಅವನ ಕಾಲಿಗೆ ಒಂದು ಗೇಣು ದೂರದಲ್ಲಿ ಕಾರು ನಿಂತಿತು.

“ಅವನನ್ನ ಗುದ್ದಬೇಡ. ಅವನಿಗೆ ಬಣ್ಣ ಸಿಗಲ್ಲ” ಎಂದ ಕ್ಲೈಡ್.

ಶುಕ್ರವಾರ ಹತ್ತು ಗಂಟೆಗೆ ಹ್ಯಾಂಕಾಕ್ ಪೇಟೆಯಲ್ಲಿ ಪರೀಕ್ಷಕಿ ಡೆನೀಸ್ ಬೋಡ್ರಿ ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ನಲವತ್ತರ ಹೆಂಗಸು, ಕಿವಿ ಮುಚ್ಚುವ ಟೋಪಿ, ನಗದ ಮುಖ. ಬಂಪರಿನ ಮುಂದೆ ನಿಂತರು. ಬಗ್ಗಿ ಎರಡೂ ಕೈಯಿಂದ ಮೂಲೆಯನ್ನು ಹಿಡಿದು ಎಳೆದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಸಲ, ಕಾಲು ಊರಿ ಎಳೆದರು. ಅಲ್ಲಾಡಲಿಲ್ಲ.

“ಗಟ್ಟಿಯಾಗಿದೆ. ಆದರೆ ಈ ಬಿಳಿ ಏನಿದು? ಏನು ಚೆಲ್ಲಿದ್ರಿ?”

ಸುಳ್ಳು ಹೇಳಲು ಲೆಂಪಿಗೆ ಬರುತ್ತಿರಲಿಲ್ಲ. “ಸೌನಾದಲ್ಲಿ ಒಣಗೋಕೆ ಹಾಕಿದ್ದೆ, ಮೇಡಂ. ಮರೆತು ಕಲ್ಲಿಗೆ ನೀರು ಹಾಕಿಬಿಟ್ಟೆ.”

ಡೆನೀಸ್ ಬೋಡ್ರಿ ಹಲಗೆಯ ಮೇಲೆ ಏನೋ ಬರೆಯಲು ಹೋಗಿ, ಬರೆಯದೆ, ಹಲಗೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಟೋಪಿಯ ಕಿವಿಗಳು ಅಲ್ಲಾಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಕೆಳಗಿಳಿಸಿದಾಗ ಮುಖ ಮತ್ತೆ ನಗದ ಮುಖವೇ. “ನಡೀರಿ, ಹತ್ತಿ” ಎಂದರು.

ಜನ ನಕ್ಕರು, ಏನೂ ಆಗಲಿಲ್ಲ. ಲೆಂಪಿಗೆ ಅದೊಂದು ವಿಚಿತ್ರವಾದ ಸಮಾಚಾರದಂತೆ ಕಂಡಿತು. ಅದನ್ನೇ ಯೋಚಿಸುತ್ತ ಅವಳು ಬೆಲ್ಟು ಹಾಕಿಕೊಂಡು, ಕನ್ನಡಿ ಸರಿಮಾಡಿ, ಹಿಂದಕ್ಕೆ ಹೋಗಬೇಕಾದ ಕಾರನ್ನು ಹಿಂದಕ್ಕೇ ತೆಗೆದಳು.

ಗುರುತುಗಳ ನಡುವೆ ನಿಲ್ಲಿಸುವಾಗ ಒಂದು ಸಲ ಓರೆಯಾಯಿತು. ಅವಳು ನಿಂತಳು, ಮುಂದಕ್ಕೆ ಬಂದಳು, ಒಂದು ಎಳೆ ಸೊಟ್ಟಗಾದಾಗ ಬಿಚ್ಚುವ ಹಾಗೆಯೇ ಬಿಚ್ಚಿ, ಮತ್ತೆ ಹಿಂದಕ್ಕೆ ಹೋದಳು. ಯಾವ ಗುರುತೂ ಬೀಳಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಎದುರಿಗೆ ಮರ ತುಂಬಿದ ಲಾರಿ ಬಂದಾಗಲೂ ಕಾರು ಗೆರೆ ಬಿಡಲಿಲ್ಲ. ಪ್ರತಿ ‘ಸ್ಟಾಪ್’ ಫಲಕದ ಮುಂದೆಯೂ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿದಳು.

ಮುಗಿದ ಮೇಲೆ ಡೆನೀಸ್ ಬೋಡ್ರಿ ಕಾಗದಕ್ಕೆ ಸಹಿ ಹಾಕುತ್ತ ಹೇಳಿದರು: “ಅಂಕ ಕಳೆದದ್ದು ಒಂದಕ್ಕೇ. ಫಲಕದ ಮುಂದೆ ಅಷ್ಟು ಹೊತ್ತು ನಿಲ್ಲಬೇಕಾಗಿಲ್ಲ ಕಣ್ರೀ. ಚಳಿಗಾಲ ಮುಗಿದುಹೋಗುತ್ತೆ. ಪಾಸಾಗಿದ್ದೀರಿ.”

ಹೊರಗೆ ಬೆಂಚಿನ ಮೇಲೆ ರೈನೊ, ಕ್ಲೈಡ್ ಅಕ್ಕಪಕ್ಕ ಕೂತಿದ್ದರು, ಹೆಡ್ಮಾಸ್ಟರ ಕೋಣೆಯ ಹೊರಗೆ ಕೂತ ಹುಡುಗರ ಹಾಗೆ. ಲೆಂಪಿ ಕಾಗದವನ್ನು ರೈನೊನ ಕೈಗಿಟ್ಟಳು. ಅವನು ಅದನ್ನು ಕಣ್ಣಿನ ಅಂಚಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. “ಯಾವ ಕಡೆ ಮೇಲೆ?”

“ಯಾವ ಕಡೆಯಾದ್ರೂ ಪಾಸೇ” ಎಂದಳು.

ಕ್ಲೈಡ್ ಭಾನುವಾರ ಹೊರಟುಹೋದ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಲೆಂಪಿ ಮಾರ್ಕೆಟ್ ಪಟ್ಟಣಕ್ಕೆ ಕಾರು ತೆಗೆದಳು. ಪಕ್ಕದಲ್ಲಿ ರೈನೊ, ಅವನ ಕಾಲ ಬಳಿ ಕಾಫಿಯ ಫ್ಲಾಸ್ಕು. ಮೊದಲ ಇಪ್ಪತ್ತು ಮೈಲಿ ಅವನು ಸುಮ್ಮನಿರಲಿಲ್ಲ. ಮುಂದೆ ತಿರುವಿದೆ, ಸೇತುವೆಯ ಮೇಲೆ ಮಂಜುಗಡ್ಡೆ ಇರುತ್ತೆ, ಇಲ್ಲಿ ಜಿಂಕೆ ಅಡ್ಡ ಬರುತ್ತೆ ಎಂದು ಒಂದೊಂದನ್ನೂ ಹೇಳುತ್ತ ಹೋದ. ಕಾಣದಿದ್ದರೂ ರಸ್ತೆಯೆಲ್ಲ ಅವನಿಗೆ ಬಾಯಿಪಾಠ.

“ಕಾಣ್ತಿದೆ ನಂಗೆ” ಎಂದಳು ಲೆಂಪಿ.

“ಹೇಳಿದೆ ಅಷ್ಟೆ.”

“ಹೇಳಬೇಡ. ಎಣಿಸೋದು ತಪ್ಪುತ್ತೆ.”

“ಏನು ಎಣಿಸ್ತಿದೀಯ?”

“ಎದುರಿಗೆ ಬರೋ ಲಾರಿ. ಇಲ್ಲೀತನಕ ಒಂಬತ್ತು.”

ಅವನು ಸೀಟಿಗೆ ಒರಗಿ ಕೂತ. ಸೂರ್ಯ ಮೂಡಿ ಸರೋವರದ ಹಿಮದ ಮೇಲೆ ಕೆಂಪು ಹರಡಿತು. ಹದಿನಾಲ್ಕನೆಯ ಲಾರಿ ದಾಟಿದ ಮೇಲೆ ಲೆಂಪಿ, “ನೋಡಿದ್ಯಾ, ಅದು ಎಷ್ಟು ಹತ್ತಿರ ಬಂತು?” ಎಂದಳು. ರಸ್ತೆ ನೇರವಾದ ಕಡೆ ಒಂದು ಕ್ಷಣ ಮಾತ್ರ ಅತ್ತ ನೋಡಿದಳು. ರೈನೊ ತಲೆಯನ್ನು ಕಿಟಕಿಗೆ ಆನಿಸಿ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಿದ್ದ. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಅವನು ಕಾರಿನಲ್ಲಿ ನಿದ್ದೆ ಮಾಡಿದ್ದನ್ನು ಅವಳು ನೋಡಿರಲಿಲ್ಲ. ಅವನ ಟೋಪಿ ಜಾರಿ ಮೂಗಿನ ಮೇಲೆ ಬಂದಿತ್ತು. ಅದನ್ನು ಸರಿಮಾಡಬೇಕೆನ್ನಿಸಿತು. ಆದರೆ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು, ಮುಂದೆ ಹದಿನೈದನೆಯ ಲಾರಿ ಕಾಣುತ್ತಿತ್ತು. ಆಸ್ಪತ್ರೆ ಬಂದ ಮೇಲೆ ಮಾಡಿದರಾಯಿತೆಂದು ಬಿಟ್ಟಳು.